ಶ್ರಾವಕಧರ್ಮ ಮತ್ತು ಸೈನಿಕ ವೃತ್ತಿ

ಅಹಿಂಸೆಯನ್ನೇ ಪರಮಧರ್ಮವೆಂದು ಸಾರಿದ ತೀರ್ಥಂಕರರ ಶಾಸನದಲ್ಲಿ ಹುಟ್ಟಿ ಬೆಳೆದ ತರುಣನೊಬ್ಬನು ಸೈನ್ಯ ಸೇರಬಯಸಿದಾಗ ಮನೆಯವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಸಂಬಳದ್ದೋ ದೂರದ್ದೋ ಮಾತ್ರವಲ್ಲ. ಇರುವೆ ಸತ್ತೀತೆಂದು ನೋಡಿ ಹೆಜ್ಜೆಯಿಡಲು, ನೀರನ್ನು ಸೋಸಿ ಕುಡಿಯಲು ಕಲಿಸಿದ ತಾಯಿಯು ಅದೇ ಮಗನ ಕೈಗೆ ಬಂದೂಕು ಬರುವುದನ್ನು ಹೇಗೆ ಒಪ್ಪಬೇಕು ಎಂಬುದೇ ನಿಜವಾದ ಪ್ರಶ್ನೆ. ವಯನಾಡು, ಕಾಸರಗೋಡುಗಳ ಮನೆಯಲ್ಲಿ ಅದು ಕನ್ನಡದಲ್ಲೋ ಮಲಯಾಳದಲ್ಲೋ ಏಳಬಹುದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಮನೆಯಲ್ಲಿ ಮರಾಠಿಯಲ್ಲಿ ಏಳಬಹುದು. ಭಾಷೆ ಯಾವುದಾದರೂ ಸಂಕಟ ಒಂದೇ. ಇದಕ್ಕೆ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಜೈನನಿಗೆ ಅದು ಸಲ್ಲದು ಎಂಬುದೊಂದು. ಚಾವುಂಡರಾಯನೇ ದಂಡನಾಯಕನಾಗಿರಲಿಲ್ಲವೇ ಎಂಬುದು ಇನ್ನೊಂದು. ಎರಡೂ ಅವಸರದ ಉತ್ತರಗಳು.

ಶಾಸ್ತ್ರವು ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪೀ ಹಿಂಸೆ. ಅಡುಗೆ, ಮನೆವಾರ್ತೆಗಳಲ್ಲಿ ಆಗುವುದು ಆರಂಭೀ. ಬೇಸಾಯ, ವ್ಯಾಪಾರ ಮೊದಲಾದ ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ. ತನ್ನನ್ನು, ತನ್ನವರನ್ನು, ಧರ್ಮವನ್ನು, ನಾಡನ್ನು ಆಕ್ರಮಣದಿಂದ ಕಾಪಾಡಿಕೊಳ್ಳುವಾಗ ಅನಿವಾರ್ಯವಾಗಿ ಒದಗುವುದು ವಿರೋಧೀ ಹಿಂಸೆ. ಮಹಾವ್ರತಿಯಾದ ಮುನಿಯು ನಾಲ್ಕನ್ನೂ ತ್ಯಜಿಸುತ್ತಾನೆ. ಅಣುವ್ರತಿಯಾದ ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಟ್ಟು, ಉಳಿದವುಗಳನ್ನು ಎಚ್ಚರದಿಂದ ಮಿತಗೊಳಿಸಬೇಕು. ಪ್ರಮಾದಯುಕ್ತವಾದ ಮನೋವಾಕ್ಕಾಯಗಳಿಂದ ಪ್ರಾಣಕ್ಕೆ ಒದಗುವ ಘಾತವೇ ಹಿಂಸೆಯೆಂದು ತತ್ತ್ವಾರ್ಥಸೂತ್ರಕಾರರು ನಿರೂಪಿಸಿದ್ದಾರೆ. ರಾಗಾದಿ ಭಾವಗಳ ಹುಟ್ಟೇ ಹಿಂಸೆಯೆಂಬುದು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ಎತ್ತಿಹಿಡಿದ ತತ್ತ್ವ.

ಸೈನಿಕನ ಹಿಂಸೆ ವಿರೋಧೀ ವರ್ಗಕ್ಕೆ ಸೇರುತ್ತದೆ, ಆದ್ದರಿಂದ ದೋಷವಿಲ್ಲ ಎಂದು ಇಲ್ಲಿಗೇ ಮುಗಿಸಿಬಿಡುವುದು ಸುಲಭ. ಆದರೆ ಈ ವಾದದಲ್ಲಿ ಎರಡು ತೊಡಕುಗಳಿವೆ. ಮೊದಲನೆಯದಾಗಿ, ವಿರೋಧೀ ಹಿಂಸೆ ಗೃಹಸ್ಥನಿಗೆ ಕ್ಷಮ್ಯವೇ ಹೊರತು ಪುಣ್ಯವಲ್ಲ; ಅದು ಹಿಂಸೆಯೇ. ಎರಡನೆಯದಾಗಿ, ಮನೆಗೆ ನುಗ್ಗಿದ ಕಳ್ಳನನ್ನು ತಡೆಯುವವನು ಅಪಾಯವನ್ನು ತಾನೇ ಕಾಣುತ್ತಾನೆ. ಸೈನಿಕನಾದರೋ ಶತ್ರು ಯಾರು, ಯುದ್ಧ ಯಾವಾಗ ಎಂಬುದನ್ನು ನಿರ್ಧರಿಸುವವನಲ್ಲ. ಅಲ್ಲದೆ ಭಾರತದಲ್ಲಿ ಕಡ್ಡಾಯ ಸೈನಿಕ ಸೇವೆ ಇಲ್ಲ. ಸೇರುವವನು ತಾನಾಗಿ ಒಪ್ಪಿ ಸೇರುತ್ತಾನೆ. ಆದ್ದರಿಂದ ಬಲವಂತಕ್ಕೆ ಒಳಗಾದೆನೆಂಬ ಸಮಾಧಾನವೂ ಅವನಿಗೆ ದೊರೆಯದು. ಅವನ ಧರ್ಮಾಧರ್ಮಗಳು ತೊಟ್ಟ ಸಮವಸ್ತ್ರದಿಂದ ನಿರ್ಣಯವಾಗುವುದಿಲ್ಲ. ರಕ್ಷಣೆಯ ಭಾವ ದ್ವೇಷವಾಗಿ ತಿರುಗಿದ ಕ್ಷಣದಲ್ಲೇ ವಿರೋಧೀ ಹಿಂಸೆ ಸಂಕಲ್ಪೀ ಹಿಂಸೆಯ ಗಡಿಯನ್ನು ತಲಪುತ್ತದೆ. ಇದು ಶಾಸ್ತ್ರ ಕೊಟ್ಟ ರಿಯಾಯಿತಿಯಲ್ಲ, ಹೊರಿಸಿದ ಹೊಣೆ.

ಇತಿಹಾಸವೂ ಇದನ್ನೇ ಹೇಳುತ್ತದೆ. ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯನಿಗೆ ‘ಸಮರ ಪರಶುರಾಮ’ ಎಂಬ ಬಿರುದಿತ್ತು; ‘ಸಮ್ಯಕ್ತ್ವ ರತ್ನಾಕರ’ ಎಂಬ ಬಿರುದೂ ಇತ್ತು. 978ರಲ್ಲಿ ಚಾವುಂಡರಾಯ ಪುರಾಣವನ್ನು ರಚಿಸಿದವನೂ, ಕೆಲವು ವರ್ಷಗಳಲ್ಲಿ ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದವನೂ ಅವನೇ. ಹೊಯ್ಸಳ ವಿಷ್ಣುವರ್ಧನನಿಗಾಗಿ ತಲಕಾಡನ್ನು ಚೋಳರಿಂದ ಗೆದ್ದುಕೊಟ್ಟ ಗಂಗರಾಜನು ಜೀರ್ಣ ಬಸದಿಗಳನ್ನು ಉದ್ಧರಿಸಿದ ಶ್ರಾವಕ. ಅನೇಕ ಯುದ್ಧಗಳನ್ನು ಕಂಡ ಗಂಗದೊರೆ ಮಾರಸಿಂಹನು ಸಿಂಹಾಸನವನ್ನು ತೊರೆದು ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವಿಟ್ಟನು. ಸಂಘವು ಇವರಾರನ್ನೂ ಹೊರಗಿಡಲಿಲ್ಲ. ಹಾಗೆಂದು ಯುದ್ಧವನ್ನೇ ಮುಕ್ತಿಮಾರ್ಗವೆಂದೂ ಹೇಳಲಿಲ್ಲ. ಚಾವುಂಡರಾಯನು ಬೆಟ್ಟದ ಮೇಲೆ ನಿಲ್ಲಿಸಿದ್ದು ಯಾರ ಮೂರ್ತಿಯನ್ನು ಎಂಬುದನ್ನು ಮರೆಯಬಾರದು. ಸೈನ್ಯಗಳ ಸಂಹಾರವನ್ನು ತಪ್ಪಿಸಲು ಭರತ ಬಾಹುಬಲಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ತಾವಿಬ್ಬರೇ ಎದುರಾದರು. ಗೆದ್ದ ಬಾಹುಬಲಿಯು ಗೆದ್ದುದನ್ನು ಬಿಟ್ಟು ತಪಸ್ಸಿಗೆ ನಡೆದನು. ದಂಡನಾಯಕನೊಬ್ಬನು ಆರಾಧ್ಯನನ್ನಾಗಿ ಆರಿಸಿಕೊಂಡದ್ದು ಈ ವಿಜಯಿಯನ್ನು.

ಶ್ವೇತಾಂಬರ ಆಗಮವಾದ ಭಗವತೀ ಸೂತ್ರದಲ್ಲಿ ಬರುವ ವರುಣನೆಂಬ ಶ್ರಾವಕನ ಕಥೆ ಇಲ್ಲಿ ಹೆಚ್ಚು ಪ್ರಸ್ತುತ. ವೈಶಾಲಿಯವನಾದ ಅವನು ಉಪವಾಸ ವ್ರತದಲ್ಲಿದ್ದಾಗಲೇ ರಥಮುಸಲ ಯುದ್ಧಕ್ಕೆ ಹೊರಡಬೇಕೆಂಬ ಆಜ್ಞೆ ಬಂತು. ಅವನು ಆಜ್ಞೆಯನ್ನು ಮೀರಲಿಲ್ಲ, ವ್ರತವನ್ನೂ ಮುರಿಯಲಿಲ್ಲ. ಉಪವಾಸವನ್ನು ಮತ್ತೊಂದು ದಿನ ಮುಂದುವರಿಸಿ, ತನ್ನ ಮೇಲೆ ಮೊದಲು ಕೈಮಾಡಿದವನನ್ನು ಮಾತ್ರ ಹೊಡೆಯುವೆನೆಂದು ನಿಯಮ ಮಾಡಿಕೊಂಡು ರಥವೇರಿದನು. ಎದುರಾಳಿಯ ಬಾಣ ನಾಟಿದ ಮೇಲೆಯೇ ಅವನು ಬಾಣ ಬಿಟ್ಟದ್ದು. ಮರಣ ಸಮೀಪಿಸಿತೆಂದು ತಿಳಿದಾಗ ಏಕಾಂತಕ್ಕೆ ಸರಿದು, ಆಲೋಚನೆ ಪ್ರತಿಕ್ರಮಣಗಳನ್ನು ಮಾಡಿ, ಸಮಾಧಿಮರಣದಿಂದ ಸದ್ಗತಿ ಪಡೆದನು. ರಣದಲ್ಲಿ ಮಡಿದವರೆಲ್ಲ ಸ್ವರ್ಗಕ್ಕೆ ಹೋಗುತ್ತಾರೆಂಬ ಜನರ ನಂಬಿಕೆಯನ್ನು ಅದೇ ಪ್ರಕರಣ ನಿರಾಕರಿಸುತ್ತದೆ. ವರುಣನನ್ನು ಕಾಪಾಡಿದ್ದು ಯುದ್ಧವಲ್ಲ, ಯುದ್ಧದ ನಡುವೆಯೂ ಬಿಡದೆ ಉಳಿಸಿಕೊಂಡ ಸಂಯಮ.

ಇನ್ನು ‘ಜೈನನಿಗೆ ಸಲ್ಲದು’ ಎಂಬ ಉತ್ತರ. ಇದು ಮೇಲ್ನೋಟಕ್ಕೆ ಶುದ್ಧವಾಗಿ ಕಾಣುತ್ತದೆ. ಆದರೆ ಪಾಪವು ಕೃತ, ಕಾರಿತ, ಅನುಮೋದಿತ ಎಂಬ ಮೂರು ದಾರಿಗಳಿಂದ ಬರುತ್ತದೆ ಎಂಬುದು ಜಿನೋಪದೇಶ. ತಾನು ಮಾಡದಿದ್ದರೂ ಮಾಡಿಸಿದರೆ, ಮೆಚ್ಚಿದರೆ ಪಾಲುಂಟು. ಮಗನನ್ನು ಸೈನ್ಯಕ್ಕೆ ಕಳುಹಿಸದೆ, ಬೇರೆಯವರ ಮಕ್ಕಳು ಕಾಯುವ ಗಡಿಯೊಳಗೆ ನೆಮ್ಮದಿಯಿಂದ ವ್ಯಾಪಾರ ಮಾಡುತ್ತ, ಯುದ್ಧದ ಸುದ್ದಿ ಬಂದಾಗ ದೂರದರ್ಶನದ ಮುಂದೆ ಕುಳಿತು ಹರ್ಷಿಸುವ ಮನೆಯು ಹಿಂಸೆಯಿಂದ ಎಷ್ಟು ದೂರವಿದೆ? ಕೊಲ್ಲಬೇಕಾಗಿ ಬಂದಾಗ ನಡುಗುವ ಸೈನಿಕನಿಗಿಂತ ಕುಳಿತಲ್ಲೇ ಸಾವುಗಳನ್ನು ಎಣಿಸಿ ಸಂತೋಷಪಡುವವನ ಕಷಾಯ ತೀವ್ರವಾಗಿರಬಹುದು. ವಯನಾಡಿನ ಸುಲ್ತಾನ್ ಬತ್ತೇರಿಯ ಪ್ರಾಚೀನ ಬಸದಿಯು ಟಿಪ್ಪುವಿನ ಕಾಲದಲ್ಲಿ ಮದ್ದುಗುಂಡುಗಳ ಉಗ್ರಾಣವಾಯಿತು. ಊರಿನ ಹೆಸರಿನಲ್ಲೇ ಆ ನೆನಪು ಉಳಿದಿದೆ. ಒಲ್ಲೆನೆಂದ ಮಾತ್ರಕ್ಕೆ ಯಾವ ಸಮಾಜವೂ ಯುದ್ಧದ ಹೊರಗೆ ನಿಲ್ಲಲಾರದು. ಸೈನ್ಯ ಸೇರದಿರುವ ನಿರ್ಧಾರಕ್ಕೆ ಬೆಲೆ ಬರಬೇಕಾದರೆ ಅದರ ಹಿಂದೆ ಭಯವಿರಬಾರದು, ಸುಖಾಪೇಕ್ಷೆಯಿರಬಾರದು. ಬದಲಾಗಿ ಬೇರೊಂದು ಸೇವೆಯ ಸಿದ್ಧತೆ ಇರಬೇಕು.

ನಿರ್ಧರಿಸುವ ಮೊದಲು ವೃತ್ತಿಯ ಸ್ವರೂಪವನ್ನೂ ತಿಳಿಯುವುದು ಅಗತ್ಯ. 2022ರಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆಯಂತೆ ಅಗ್ನಿವೀರನ ಸೇವೆ ತರಬೇತಿಯೂ ಸೇರಿ 4 ವರ್ಷ, ಅನಂತರ ಶೇ. 25ರಷ್ಟು ಮಂದಿಯನ್ನು ಮುಂದುವರಿಸುವ ಅವಕಾಶವನ್ನು ಯೋಜನೆ ಇಟ್ಟಿತು. ಅಧಿಕಾರಿಯಾಗಬಯಸುವವರಿಗೆ ಪುಣೆಯ ಬಳಿಯ ಖಡಕವಾಸಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ 3 ವರ್ಷಗಳ ಶಿಕ್ಷಣವಿದೆ. 2022ರಿಂದ ಅಲ್ಲಿ ಹೆಣ್ಣುಮಕ್ಕಳಿಗೂ ಪ್ರವೇಶ ದೊರೆತಿದೆ. ತರಬೇತಿಯ ಕೊನೆಯಲ್ಲಿ ನೆಲ, ಜಲ, ವಾಯು ಯಾವ ಮಾರ್ಗದಲ್ಲಿ ಎಲ್ಲಿಗೆ ಕಳುಹಿಸಿದರೂ ಪ್ರಾಣದ ಹಂಗು ತೊರೆದು ಹೋಗುವೆನೆಂದು ಸೈನಿಕನು ಶಪಥ ಮಾಡುತ್ತಾನೆ. ಸಂಚಾರದ ದಿಕ್ಕುಗಳಿಗೆ ಮಿತಿ ಹಾಕಿಕೊಳ್ಳುವ ದಿಗ್ವ್ರತವನ್ನು ಸ್ವೀಕರಿಸಿದವನು ಈ ಶಪಥಕ್ಕೆ ಮೊದಲು ಯೋಚಿಸಬೇಕು. ಸೇನೆಯ ಪಡಿತರದಲ್ಲಿ ಸಸ್ಯಾಹಾರಿಗೆ ವ್ಯವಸ್ಥೆಯುಂಟು. ಆದರೆ ಗಡಿಯ ಠಾಣೆಯಲ್ಲಿ ರಾತ್ರಿಭೋಜನ ತ್ಯಾಗ, ಕಂದಮೂಲ ತ್ಯಾಗ, ಪರ್ವದಿನದ ಉಪವಾಸಗಳು ಮನೆಯಲ್ಲಿದ್ದಂತೆ ನಡೆಯಲಾರವು. ವೈದ್ಯಕೀಯ, ಎಂಜಿನಿಯರಿಂಗ್, ಸಂಪರ್ಕ ವಿಭಾಗಗಳೂ ಸೇನೆಯಲ್ಲಿವೆ. 1949ರ ಜಿನೀವಾ ಒಪ್ಪಂದವು ಗಾಯಾಳುಗಳ ಆರೈಕೆಗೇ ಮೀಸಲಾದವರಿಗೆ ರಣರಂಗದಲ್ಲಿ ವಿಶೇಷ ರಕ್ಷಣೆ ನೀಡಿದೆ; ಅವರು ಆಯುಧ ಹಿಡಿಯುವುದು ತಮ್ಮ ಮತ್ತು ರೋಗಿಗಳ ರಕ್ಷಣೆಗೆ ಮಾತ್ರ. ಅಣುವ್ರತಿಗೆ ಇದು ಹತ್ತಿರದ ದಾರಿಯಾಗಿ ಕಂಡೀತು. ಆದರೂ ಯಾವ ವಿಭಾಗದಲ್ಲಿದ್ದರೂ ಅವನು ಯುದ್ಧ ಮಾಡುವ ಸೇನೆಯ ಅಂಗವೇ ಎಂಬುದನ್ನು ಮರೆಯಲಾಗದು.

ಆಜ್ಞಾಪಾಲನೆಯ ವಿಷಯವೂ ಇದೆ. 1950ರ ಸೇನಾ ಅಧಿನಿಯಮವು ಶಿಕ್ಷಾರ್ಹವೆನ್ನುವುದು ಕಾನೂನುಬದ್ಧ ಆಜ್ಞೆಯ ಉಲ್ಲಂಘನೆಯನ್ನು. ಶರಣಾದವನನ್ನು, ನಿರಪರಾಧಿಯನ್ನು ಕೊಲ್ಲುವುದು ಆ ಮಿತಿಯೊಳಗೆ ಬರುವುದಿಲ್ಲ. ಹೀಗೆ ವರುಣನ ನಿಯಮದ ಒಂದು ಅಂಶ ಇಂದಿನ ಕಾನೂನಿನಲ್ಲೂ ಇದೆ ಎನ್ನಬಹುದು. ಉಳಿದುದನ್ನು ಸೈನಿಕನ ವಿವೇಕವೇ ತುಂಬಬೇಕು.

ಆದ್ದರಿಂದ ತರುಣನು ತನ್ನನ್ನು ತಾನು ಕೇಳಿಕೊಳ್ಳಬೇಕಾದುದು ಇಷ್ಟು. ತನ್ನನ್ನು ಕರೆಯುತ್ತಿರುವುದು ರಕ್ಷಣೆಯ ಭಾವವೋ, ಸೇಡಿನ ಆವೇಶವೋ, ಬರಿಯ ಜೀವನೋಪಾಯವೋ? ಶತ್ರುವೂ ಜೀವವೆಂಬ ಅರಿವನ್ನು ಬಂದೂಕಿನ ಹಿಂದೆಯೂ ಉಳಿಸಿಕೊಳ್ಳಬಲ್ಲನೇ? ನಡೆಸಲಾಗದ ವ್ರತವನ್ನು ಹೊತ್ತು ಹೋಗುವುದಕ್ಕಿಂತ, ಗುರುಗಳ ಬಳಿ ಸಮಾಲೋಚಿಸಿ ನಡೆಸಬಲ್ಲಷ್ಟನ್ನು ಸ್ವೀಕರಿಸುವುದು ಲೇಸಲ್ಲವೇ? ಇವಕ್ಕೆ ಪ್ರಾಮಾಣಿಕ ಉತ್ತರ ದೊರೆತ ಮೇಲೆ ಅವನು ಹೋದರೂ ಹೋಗದಿದ್ದರೂ ಧರ್ಮದಿಂದ ಜಾರಿದವನಲ್ಲ.

ಸಮಾಜದ ಹೊಣೆಯೂ ಕಡಿಮೆಯಲ್ಲ. ಹೋಗುವವನನ್ನು ಧರ್ಮಭ್ರಷ್ಟನೆಂದು ಜರೆಯಬಾರದು. ಹೋಗದವನನ್ನು ಹೇಡಿಯೆಂದು ಹೀಯಾಳಿಸಬಾರದು. ರಜೆಯಲ್ಲಿ ಊರಿಗೆ ಬಂದ ಸೈನಿಕನಿಗೆ ಹಾರ ಹಾಕುವುದಕ್ಕಿಂತ ಬಸದಿಯಲ್ಲಿ ಅವನು ಮೌನವಾಗಿ ಕುಳಿತು ಪ್ರತಿಕ್ರಮಣ ಮಾಡಲು ಅನುಕೂಲ ಕಲ್ಪಿಸುವುದು ಹೆಚ್ಚಿನ ಉಪಕಾರ. ಕ್ಷಮಾವಣಿಯ ದಿನ ಎಲ್ಲ ಜೀವಿಗಳಲ್ಲೂ ಕ್ಷಮೆ ಬೇಡುವಾಗ ಆ ‘ಎಲ್ಲ’ ಎಂಬ ಮಾತಿನೊಳಗೆ ಗಡಿಯಾಚೆಯವನೂ ಸೇರಿದ್ದಾನೆಂಬುದನ್ನು ಸೈನಿಕನಷ್ಟೇ ಅಲ್ಲ, ಅವನ ಕಾವಲಿನಲ್ಲಿ ನಿದ್ರಿಸುವ ಪ್ರತಿಯೊಬ್ಬ ಶ್ರಾವಕ ಶ್ರಾವಿಕೆಯೂ ನೆನೆಯಬೇಕು.