ಎಚ್ಚರಿಕೆ ಮತ್ತು ಹೊಣೆ

2022ರ ಜುಲೈ ತಿಂಗಳಲ್ಲಿ ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಬೆಂಕಿ ಹೊತ್ತಿ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಕೇಕಿನ ಮೇಲೆ ಕಿಡಿ ಸೂಸುವ ಮೇಣದಬತ್ತಿಗಳನ್ನು ಅಲ್ಲಿ ತಯಾರಿಸುತ್ತಿದ್ದರು. ಇಂಥ ದುರಂತಗಳಾದಾಗ ‘ತಪ್ಪು ಯಾರದು?’ ಎಂದು ಎಲ್ಲರೂ ಕೇಳುತ್ತೇವೆ. ತಪ್ಪೇ ಇಲ್ಲದಿದ್ದರೆ ಹೊಣೆಯೂ ಇಲ್ಲವೆ ಎಂಬುದು ಅದಕ್ಕಿಂತ ಕಠಿಣವಾದ ಪ್ರಶ್ನೆ.

1985ರಲ್ಲಿ ದೆಹಲಿಯಲ್ಲಿ ಓಲಿಯಂ ಅನಿಲ ಸೋರಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1986ರ ಡಿಸೆಂಬರ್ 20ರಂದು ಇದಕ್ಕೆ ಉತ್ತರವಿತ್ತಿತು. 1868ರ ಇಂಗ್ಲೆಂಡಿನ ತೀರ್ಪಿನಿಂದ ಬಂದ ನಿಯಮದಲ್ಲಿ ಪ್ರಕೃತಿ ವಿಕೋಪ, ಹೊರಗಿನವರ ಕೃತ್ಯ ಮೊದಲಾದ ವಿನಾಯಿತಿಗಳಿದ್ದವು. ನಮ್ಮ ನ್ಯಾಯಾಲಯವು ಅವನ್ನು ಒಪ್ಪದೆ, ಅಪಾಯಕಾರಿ ಉದ್ಯಮ ನಡೆಸುವವನು ಎಷ್ಟೇ ಎಚ್ಚರ ವಹಿಸಿದ್ದರೂ ಹಾನಿ ತುಂಬಿಕೊಡಬೇಕೆಂದಿತು.

ಪ್ರಮಾದವೇ ಹಿಂಸೆಯ ಮೂಲವೆಂದು ತಿಳಿದ ನಮಗೆ ಇದು ಅನ್ಯಾಯವೆನಿಸಬಹುದು. ಅಪ್ರಮತ್ತನಿಗೆ ದೋಷವೆಲ್ಲಿಯದು? ಆದರೆ ಪಾಪ ಬೇರೆ, ಋಣ ಬೇರೆ. ಪರಿಹಾರವು ಶಿಕ್ಷೆಯಲ್ಲ, ತೀರಿಸಬೇಕಾದ ಋಣ. ಅಪಾಯದ ಲಾಭ ಒಬ್ಬನ ತಿಜೋರಿಗೆ, ಅದರ ನಷ್ಟ ಮತ್ತೊಬ್ಬನ ಮನೆಗೆ ಎಂಬ ಹಂಚಿಕೆಯನ್ನು ಯಾವ ಧರ್ಮವೂ ಒಪ್ಪಲಾರದು. ಮೇಲಾಗಿ ಅಪಾಯವನ್ನು ಅರಿಯುವ, ತಡೆಯುವ ಸಾಧನಗಳಿರುವುದು ಉದ್ಯಮಿಯ ಕೈಯಲ್ಲಿಯೇ.

ಶ್ರಾವಕನಿಗೆ ವರ್ಜ್ಯವೆಂದು ಹೇಳಿದ ಹದಿನೈದು ಉದ್ಯೋಗಗಳಲ್ಲಿ ಅಂಗಾರಕರ್ಮ, ಸ್ಫೋಟಕರ್ಮಗಳೂ ಸೇರಿವೆ. ಅಲ್ಲಿ ಹಿರಿಯರು ಮಾಡುವವನ ಜಾಗರೂಕತೆಯನ್ನು ಅಳೆಯದೆ ಉದ್ಯೋಗದ ಸ್ವರೂಪವನ್ನೇ ನೋಡಿದರು. ಆದುದರಿಂದ ಸಿಡಿಮದ್ದು, ಅನಿಲ, ರಾಸಾಯನಿಕಗಳ ವ್ಯವಹಾರಕ್ಕೆ ಕೈಹಾಕುವವರು ‘ಎಚ್ಚರದಿಂದಿರಬಲ್ಲೆನೆ?’ ಎಂದು ಕೇಳಿಕೊಂಡರೆ ಸಾಲದು. ‘ಎಚ್ಚರವೂ ಸೋತ ದಿನ ನೊಂದವರ ಭಾರ ಹೊರಲು ಸಿದ್ಧನಿರುವೆನೆ?’ ಎಂದೂ ಕೇಳಿಕೊಳ್ಳಬೇಕು. ಸಿದ್ಧರಿಲ್ಲದವರು ಆ ಉದ್ಯೋಗಕ್ಕೆ ಇಳಿಯದಿರುವುದೇ ಲೇಸು.