ಗೃಹಿಣಿಯ ವಿರಾಮವು ಧರ್ಮವೋ ಸ್ವಾರ್ಥವೋ?

ದುಡಿಯುವ ಜೀವಕ್ಕೆ ವಿಶ್ರಾಂತಿಯು ಬೇಕೆಂಬುದು ಸರ್ವರಿಗೂ ಸಮ್ಮತವಾದ ಮಾತು. ಸೋಮವಾರದ ದಿನ ಬಸವನ ಹೆಗಲಿಗೆ ನೊಗವನ್ನು ಹೂಡಬಾರದೆಂಬ ಕಟ್ಟಳೆಯು ನಮ್ಮ ಸೀಮೆಯ ರೈತರಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹಿಂದಿನ ಸಂಸ್ಕೃತ ಪಾಠಶಾಲೆಗಳಲ್ಲಿ ಪ್ರತಿಪತ್ತು, ಅಷ್ಟಮಿ ಮುಂತಾದ ತಿಥಿಗಳಂದು ಅನಧ್ಯಯನವಿರುತ್ತಿತ್ತು. ಕಚೇರಿಗಳಿಗೆ ಭಾನುವಾರವುಂಟು. ಆದರೆ ಮನೆಯ ಒಲೆಗೆ ಅನಧ್ಯಯನವೆಂಬುದನ್ನು ಯಾವ ಪಂಚಾಂಗದಲ್ಲಿಯೂ ಬರೆದಿಲ್ಲ. ಏಕಾದಶಿಯ ದಿನವಾದರೂ ಅದಕ್ಕೆ ಬಿಡುವುಂಟೇ ಎಂದರೆ, ಅಂದು ಉಪವಾಸವಿರುವವರಿಗೆ ಫಲಾಹಾರವನ್ನೂ, ಮಕ್ಕಳಿಗೆ ಅನ್ನವನ್ನೂ, ವೃದ್ಧರಿಗೆ ಅವರವರ ಪಥ್ಯವನ್ನೂ ಬೇರೆಬೇರೆಯಾಗಿ ಅಣಿಮಾಡಬೇಕಾಗಿ ಬಂದು ಕೆಲಸವು ಇಮ್ಮಡಿಯಾಗುವುದು. ಇಂತಿರುವಲ್ಲಿ ಗೃಹಿಣಿಯಾದವಳು ನಾಲ್ಕು ದಿನಗಳ ಕಾಲ ಮನೆಯನ್ನು ಬಿಟ್ಟು, ತನ್ನ ಮನಸ್ಸಿಗೆ ಪ್ರಿಯವಾದ ಒಂದು ಕಲೆಗಾಗಿ ಏಕಾಂತಕ್ಕೆ ಹೋಗುವುದು ಯುಕ್ತವೇ? ಈ ಪ್ರಶ್ನೆಯು ನೋಟಕ್ಕೆ ಚಿಕ್ಕದಾಗಿ ಕಂಡರೂ ವಿಚಾರಿಸಿದಷ್ಟೂ ಆಳವಾಗುವುದು.

ವಿಚಾರದ ಸೌಕರ್ಯಕ್ಕಾಗಿ ಒಂದು ನಿದರ್ಶನವನ್ನು ಭಾವಿಸಿಕೊಳ್ಳಬಹುದು. ತುಮಕೂರು ನಗರದಲ್ಲಿ ಒಂದು ಸಂಸಾರ. ತಾಯಿಗೆ ಐವತ್ತೈದು ವಯಸ್ಸು. ಹಸೆ ಬರೆಯುವುದರಲ್ಲಿಯೂ, ಅಜ್ಜಿಯಿಂದ ಕಲಿತ ಹಾಡುಗಳನ್ನು ಹೇಳುವುದರಲ್ಲಿಯೂ ಆಕೆಗೆ ಬಾಲ್ಯದಿಂದ ಪರಿಶ್ರಮವಿದ್ದಿತು. ವಿವಾಹವಾದ ಮೇಲೆ ಆ ಹಾಡುಗಳು ತೊಟ್ಟಿಲಿನ ಬಳಿ ಕೆಲವು ವರ್ಷ ಉಳಿದು, ಬಳಿಕ ಮೌನವಾದವು. ಮಗಳು ಬೇರೆಯೂರಿನಲ್ಲಿ ಉಪಾಧ್ಯಾಯಿನಿ, ಚಿತ್ರಕಲೆಯಲ್ಲಿ ಆಸಕ್ತಿಯುಳ್ಳವಳು. ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯ ಸಮೀಪದಲ್ಲಿ ಬಂಧುಗಳ ತೆಂಗಿನ ತೋಟವೊಂದಿದ್ದು, ಅದರಲ್ಲಿ ಗರಿಹೊದಿಸಿದ ಒಂದು ಗುಡಿಸಲಿದೆ. ಅಲ್ಲಿ ನಾಲ್ಕು ದಿನವಿದ್ದು, ತಾಯಿಯು ನೆನಪಿಸಿಕೊಂಡ ಹಾಡುಗಳನ್ನು ಬರೆದುಕೊಳ್ಳುವುದು, ಹಸೆಗಳನ್ನು ಕಾಗದದ ಮೇಲೆ ಇಳಿಸುವುದು, ಇಷ್ಟೇ ಅವರ ಸಂಕಲ್ಪ. ಮನೆಯವರಿಗೆ ಇದು ಅರ್ಥವಾಗಲಿಲ್ಲ. ಅದು ಮದುವೆಯಲ್ಲ, ಬಾಣಂತನವಲ್ಲ, ರೋಗಿಯ ಶುಶ್ರೂಷೆಯಲ್ಲ, ತೀರ್ಥಯಾತ್ರೆಯೂ ಅಲ್ಲ. ಹೆಂಗಸು ಮನೆಯನ್ನು ಬಿಟ್ಟು ಹೊರಡುವುದಕ್ಕೆ ಲೋಕವು ಒಪ್ಪಿರುವ ಕಾರಣಗಳು ಇವಿಷ್ಟೇ. ಇವುಗಳಲ್ಲಿ ಬಹುಭಾಗವು ಮತ್ತೊಂದು ಮನೆಯ ಸೇವೆಯೇ ಆಗಿರುವುದನ್ನು ವಾಚಕರು ಗಮನಿಸಬೇಕು.

ಇನ್ನು ಪೂರ್ವಪಕ್ಷವನ್ನು ನ್ಯಾಯವಾಗಿ ಕೇಳತಕ್ಕದ್ದು. ಮೊದಲನೆಯ ಆಕ್ಷೇಪವು ಕರ್ತವ್ಯಲೋಪದ್ದು. ಕಾಳಿದಾಸನ ಶಾಕುಂತಲ ನಾಟಕದಲ್ಲಿ ನಾಯಿಕೆಯು ತನ್ನ ಚಿಂತೆಯಲ್ಲಿ ಮುಳುಗಿ ಬಾಗಿಲಿಗೆ ಬಂದ ದುರ್ವಾಸಮುನಿಯ ಧ್ವನಿಯನ್ನು ಕೇಳದೆಹೋದಳು. ಅದರಿಂದ ಶಾಪವನ್ನು ಪಡೆದಳು. ತನ್ಮಯತೆಯು ಎಷ್ಟೇ ರಮ್ಯವಾಗಿದ್ದರೂ ಬಾಗಿಲನ್ನು ಮರೆತರೆ ಅನರ್ಥವು ತಪ್ಪದು. ಎರಡನೆಯದು, ನಿಜವಾದ ಪ್ರತಿಭೆಗೆ ಕೆರೆಯೇಕೆ, ಗುಡಿಸಲೇಕೆ ಎಂಬುದು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹೊತ್ತು ಸೇವೆಮಾಡುತ್ತಿದ್ದ ಹೊನ್ನಮ್ಮನು ಆ ಸೇವೆಯ ನಡುವೆಯೇ ‘ಹದಿಬದೆಯ ಧರ್ಮ’ವನ್ನು ರಚಿಸಲಿಲ್ಲವೇ? ನಂಜನಗೂಡು ತಿರುಮಲಾಂಬೆಯವರು (1887–1982) ಬಾಲ್ಯದಲ್ಲಿಯೇ ವೈಧವ್ಯವನ್ನು ಕಂಡೂ, ಮನೆಯಲ್ಲಿದ್ದುಕೊಂಡೇ ಗ್ರಂಥಗಳನ್ನು ಬರೆದು ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ನಡೆಯಿಸಲಿಲ್ಲವೇ? ಮೂರನೆಯದು, ಫಲದ ವಿಚಾರ. ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪೆನಿಯಲ್ಲಿ ಎಷ್ಟೋ ಮಂದಿ ಸ್ತ್ರೀಯರು ಕಲೆಗಾಗಿಯೇ ಊರೂರು ಸಂಚರಿಸಿದರು. ವೀರಣ್ಣನವರ ಮಗಳಾದ ಮಾಲತಮ್ಮನವರೂ, ಆಕೆಯ ಮಗಳಾದ ಬಿ. ಜಯಶ್ರೀಯವರೂ ಆ ರಂಗಭೂಮಿಯಿಂದಲೇ ಬಂದವರು. ಅಲ್ಲಿ ಕಲೆಯು ಜೀವನೋಪಾಯವಾಗಿತ್ತು, ಲೋಕರಂಜನೆಯಾಗಿತ್ತು. ಈ ತಾಯಿಮಗಳ ಹಾಡಿನಿಂದ ಒಂದು ಕಾಸೂ ಬಾರದು. ಯಾರೂ ಚಪ್ಪಾಳೆ ತಟ್ಟರು. ಹಾಗಾದರೆ ಇದು ವಿನೋದವಲ್ಲದೆ ಮತ್ತೇನು?

ಮೊದಲನೆಯದಕ್ಕೆ ಸಮಾಧಾನವು ಅದೇ ನಾಟಕದಲ್ಲಿದೆ. ಕಣ್ವಮಹರ್ಷಿಯೂ ಆಶ್ರಮವನ್ನು ಬಿಟ್ಟು ಸೋಮತೀರ್ಥಕ್ಕೆ ಹೋಗಿದ್ದನು. ಆತನನ್ನು ಯಾರೂ ಶಪಿಸಲಿಲ್ಲ. ಏಕೆಂದರೆ ಅತಿಥಿಸತ್ಕಾರದ ಭಾರವನ್ನು ಆತನು ಮಗಳಿಗೆ ಒಪ್ಪಿಸಿಯೇ ಹೊರಟಿದ್ದನು. ಶಕುಂತಲೆಯಾದರೋ ಆ ಭಾರವನ್ನು ಹೊತ್ತಿರುವಾಗಲೇ, ಅದನ್ನು ಯಾರಿಗೂ ವಹಿಸದೆ, ಮನಸ್ಸಿನಿಂದ ಮಾತ್ರ ದೂರಕ್ಕೆ ಹೋದಳು. ಸಖಿಯರಿಬ್ಬರೂ ಹೂವು ಬಿಡಿಸುತ್ತಿದ್ದರು. ಆದುದರಿಂದ ದೋಷವಿರುವುದು ಏಕಾಂತದಲ್ಲಲ್ಲ. ಹೇಳದೆ, ವಹಿಸದೆ ಹೋಗುವುದರಲ್ಲಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಬಿಡುವನ್ನೇ ಕಾಣದ ಗೃಹಿಣಿಯು ದೇಹದಿಂದ ಒಲೆಯ ಮುಂದೆಯೇ ಇದ್ದು ಮನಸ್ಸಿನಿಂದ ಎಲ್ಲಿಯೋ ಇರುವುದು ಅಪರೂಪವಲ್ಲ. ಆ ಸ್ಥಿತಿಯೇ ಶಕುಂತಲೆಯ ಸ್ಥಿತಿ. ಬಹಿರಂಗವಾಗಿ ನಾಲ್ಕು ದಿನ ಹೋಗಿಬರುವುದು ಕಣ್ವನ ಮಾರ್ಗ.

ಆದರೆ ಭಾರವನ್ನು ಯಾರಿಗೆ ವಹಿಸಬೇಕು? ಇಲ್ಲಿಯೇ ಧರ್ಮದ ಸೂಕ್ಷ್ಮವಿದೆ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯನಿಗೆ ಇಬ್ಬರು ಪತ್ನಿಯರು: ಮೈತ್ರೇಯಿಯು ಬ್ರಹ್ಮವಾದಿನಿ, ಕಾತ್ಯಾಯನಿಯು ಸ್ತ್ರೀಪ್ರಜ್ಞೆಯುಳ್ಳವಳು. ಅಮೃತತ್ವವನ್ನು ಕುರಿತು ಮೈತ್ರೇಯಿಯು ಕೇಳಿದ ಪ್ರಶ್ನೆಯನ್ನು ಲೋಕವು ಇಂದಿಗೂ ಕೊಂಡಾಡುವುದು. ಆಕೆಯು ಕುಳಿತು ಕೇಳುತ್ತಿದ್ದ ಹೊತ್ತಿನಲ್ಲಿ ಮನೆಯ ಕೆಲಸವನ್ನು ಯಾರು ನೋಡಿಕೊಳ್ಳುತ್ತಿದ್ದರೆಂಬುದನ್ನು ಉಪನಿಷತ್ತು ಹೇಳುವುದಿಲ್ಲ; ಊಹಿಸುವುದು ಕಷ್ಟವೂ ಅಲ್ಲ. ಒಬ್ಬ ಸ್ತ್ರೀಯ ವಿರಾಮವು ಮತ್ತೊಬ್ಬ ಸ್ತ್ರೀಯ ಹೆಗಲಿಗೆ ಹೊರೆಯಾದರೆ, ಸೊಸೆಯೋ ಮನೆಗೆಲಸದವಳೋ ಇಮ್ಮಡಿ ದುಡಿದು ಅತ್ತೆಗೆ ಏಕಾಂತವನ್ನು ಒದಗಿಸಿದರೆ, ಅದು ಧರ್ಮವಾಗದು. ನೊಗದ ಎತ್ತು ಬದಲಾಯಿತಷ್ಟೆ. ಆ ಮನೆಯ ಗಂಡಸರು ಎಷ್ಟು ಅಕ್ಕಿಗೆ ಎಷ್ಟು ನೀರೆಂಬುದನ್ನು ಕಲಿತಲ್ಲದೆ ಆ ತಾಯಿಯ ಪ್ರಯಾಣವು ನಿರ್ದೋಷವಾಗುವುದಿಲ್ಲ. ಅದನ್ನು ಕಲಿಯುವುದು ಅವರಿಗೂ ಶ್ರೇಯಸ್ಕರವೇ.

ಎರಡನೆಯ ಆಕ್ಷೇಪವು ಹೊನ್ನಮ್ಮನ ಹೆಸರನ್ನು ಹೇಳುವುದು. ಆದರೆ ಆಕೆಗೆ ಅರಮನೆಯ ಪ್ರೋತ್ಸಾಹವಿದ್ದಿತು, ಕೇಳುವವರಿದ್ದರು. ತಿರುಮಲಾಂಬೆಯವರಿಗೆ ತಂದೆಯ ಬೆಂಬಲವಿದ್ದಿತು. ದಡವನ್ನು ಸೇರಿದ ಇಬ್ಬರನ್ನು ತೋರಿಸಿ, ಈಜಲು ದೋಣಿಯು ಬೇಡವೆನ್ನುವುದು ತರ್ಕವಲ್ಲ. ಮುಳುಗಿದವರ ಲೆಕ್ಕವನ್ನು ಇಟ್ಟವರಿಲ್ಲ. ಬರೆಯುವ ಸ್ತ್ರೀಗೆ ಸ್ವಂತದ್ದಾದ ಒಂದು ಕೋಣೆಯೂ ಸ್ವಂತದ್ದಾದ ಸ್ವಲ್ಪ ಹಣವೂ ಬೇಕೆಂದು ಇಂಗ್ಲೆಂಡಿನ ವರ್ಜೀನಿಯಾ ವುಲ್ಫ್ ಎಂಬ ಲೇಖಕಿಯು 1929ರಲ್ಲಿಯೇ ವಾದಿಸಿದಳು. ಫಿನ್ಲೆಂಡ್ ದೇಶದ ಇನ್ನೊಂದು ನಿದರ್ಶನವು ಪ್ರಕೃತ ವಿಷಯಕ್ಕೆ ಇನ್ನೂ ಹತ್ತಿರವಾದುದು. ಅಲ್ಲಿಯ ಸಿಗ್ನೆ ಹಾಮರ್‌ಸ್ಟೆನ್ ಎಂಬ ಚಿತ್ರಕಾರ್ತಿಯು ಶಿಲ್ಪಿಯಾದ ಗಂಡನ ಸಂಸಾರವನ್ನು ನಡೆಯಿಸುವುದಕ್ಕಾಗಿ ಪತ್ರಿಕೆಗಳಿಗೆ ಚಿತ್ರಗಳನ್ನೂ, ಸರ್ಕಾರಕ್ಕೆ ನೂರಕ್ಕೂ ಹೆಚ್ಚು ಅಂಚೆಚೀಟಿಗಳ ವಿನ್ಯಾಸವನ್ನೂ ಬರೆದುಕೊಟ್ಟಳು. ಆಕೆಯ ಮಗಳೇ ಪ್ರಸಿದ್ಧಳಾದ ತೋವೆ ಯಾನ್ಸನ್. ಮಗಳು 1960ರ ದಶಕದಲ್ಲಿ ಸಮುದ್ರದ ನಡುವಣ ಬಂಡೆಯಂಥ ಒಂದು ದ್ವೀಪದಲ್ಲಿ ಸಣ್ಣ ಮನೆಯನ್ನು ಕಟ್ಟಿಸಿದಾಗ, ವೃದ್ಧೆಯಾದ ತಾಯಿಯೂ ಅಲ್ಲಿಗೆ ಹೋಗಿ ಇರುತ್ತಿದ್ದಳು. ತಾಯಿಯು 1970ರಲ್ಲಿ ತೀರಿಕೊಂಡಳು. ಎರಡು ವರ್ಷಗಳ ತರುವಾಯ, ದ್ವೀಪವೊಂದರಲ್ಲಿ ಬೇಸಗೆಯನ್ನು ಕಳೆಯುವ ಒಬ್ಬ ಅಜ್ಜಿ ಮತ್ತು ಮೊಮ್ಮಗಳ ಕಥೆಯನ್ನು ಮಗಳು ಪ್ರಕಟಿಸಿದಳು. ಆ ಅಜ್ಜಿಯಲ್ಲಿ ತಾಯಿಯ ಛಾಯೆಯಿದೆ. ಜೊತೆಯಾಗಿ ಕಳೆದ ಬಿಡುವು ಮಗಳಲ್ಲಿ ಹೇಗೆ ಫಲಿಸುವುದೆಂಬುದಕ್ಕೆ ಇದು ಸಾಕ್ಷಿ.

ಮೂರನೆಯ ಆಕ್ಷೇಪವಾದ ಫಲವಿಚಾರಕ್ಕೆ ಉತ್ತರವನ್ನು ಕೆರೆಯ ಬಳಿಯಲ್ಲಿಯೇ ಹುಡುಕಬೇಕು. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತವನ್ನು ಅರಿಯದ ಕನ್ನಡಿಗರು ವಿರಳ. ಕಲ್ಲನಕೇರಿಯ ಗೌಡನು ಕಟ್ಟಿಸಿದ ಕೆರೆಯಲ್ಲಿ ನೀರು ನಿಲ್ಲದಿರಲು, ಕಿರಿಯ ಸೊಸೆಯಾದ ಭಾಗೀರಥಿಯನ್ನು ಬಲಿಕೊಡುವುದೆಂದು ಹಿರಿಯರು ನಿಶ್ಚಯಿಸಿದರು. ಅದನ್ನರಿತ ಭಾಗೀರಥಿಯು ತವರಿಗೆ ಹೋದಳು. ಬಾಡಿದ ಮುಖವನ್ನು ಕಂಡು ಹೆತ್ತ ತಾಯಿಯು ಕಾರಣವನ್ನು ಕೇಳಿದಳು. ಮಗಳು, ಮಾವನು ಬೇರೆಯಿಡುತ್ತಾನಂತೆ ಎಂದು ಸುಳ್ಳು ಹೇಳಿದಳು. ನಿಜವನ್ನು ಅವಳು ಹೇಳಿದ್ದು ಗೆಳತಿಗೆ ಮಾತ್ರ. ಈ ಕಥೆಯಲ್ಲಿ ತ್ಯಾಗವನ್ನು ಕಂಡು ಕಣ್ಣೀರಿಡುವವರು ಬಹುಮಂದಿ. ಆದರೆ ಸಾವು ಮುಂದೆ ನಿಂತಿರುವಾಗಲೂ ಮಗಳೊಬ್ಬಳು ತಾಯಿಗೆ ಸತ್ಯವನ್ನು ಹೇಳಲಾರದೆಹೋದಳಲ್ಲ, ಅದಕ್ಕಿಂತ ದಾರುಣವಾದುದು ಯಾವುದು? ತಾಯಿಯು ಪ್ರೀತಿಯಿಲ್ಲದವಳಲ್ಲ. ಆದರೂ ಮಗಳು ತಾಯಿಯ ಮುಂದೆ ಮಗಳಾಗಿ, ತಾಯಿಯು ಮಗಳ ಮುಂದೆ ತಾಯಿಯಾಗಿ ಮಾತ್ರ ನಿಂತಿದ್ದಾಗ, ಇಬ್ಬರು ಮನುಷ್ಯರು ಪರಸ್ಪರ ಆಡಬೇಕಾದ ಮಾತು ಒಳಗೇ ಉಳಿಯುವುದು. ಇಂದು ಯಾವ ಸೊಸೆಯನ್ನೂ ಯಾರೂ ಕೆರೆಗೆ ಹಾರವಾಗಿ ಕೊಡುವುದಿಲ್ಲ. ಆದರೆ ತಾಯಿಗೆ ಸುಳ್ಳು ಹೇಳುವ ಭಾಗೀರಥಿಯರು ಮನೆಮನೆಯಲ್ಲಿದ್ದಾರೆ. ‘ಎಲ್ಲವೂ ಚೆನ್ನಾಗಿದೆ’ ಎಂಬುದೇ ಆ ಸುಳ್ಳು.

ಕೆರೆದಂಡೆಯ ಗುಡಿಸಲಿನಲ್ಲಿ ನಡೆಯುವುದು ಇದಕ್ಕೆ ವಿರುದ್ಧವಾದ ಕಾರ್ಯ. ಅಲ್ಲಿ ತಾಯಿಯು ಬಡಿಸುವವಳಲ್ಲ, ಮಗಳು ಉಣ್ಣುವವಳಲ್ಲ. ತಾಯಿಯು ಹಾಡನ್ನು ನೆನೆಯುವಳು, ಮಗಳು ಬರೆದುಕೊಳ್ಳುವಳು. ಒಂದು ಹಾಡಿನ ನಡುವಣ ನುಡಿಯೊಂದು ಎಷ್ಟು ಯತ್ನಿಸಿದರೂ ನೆನಪಿಗೆ ಬಾರದಿರಬಹುದು. ಅದನ್ನು ಬಲ್ಲ ಮತ್ತೊಬ್ಬರು ಈಗ ಬದುಕಿಲ್ಲವೆಂಬುದು ಆ ಕ್ಷಣದಲ್ಲಿ ಇಬ್ಬರಿಗೂ ತಿಳಿಯುವುದು; ಹತ್ತು ವರ್ಷ ಮೊದಲೇ ಬಂದು ಕುಳಿತಿದ್ದರೆ ಉಳಿಯುತ್ತಿತ್ತೆಂಬುದೂ ತಿಳಿಯುವುದು. ವಿರಾಮವನ್ನು ಮುಂದೂಡುವುದರಿಂದಾಗುವ ನಷ್ಟವು ಇಂಥದು. ಹಸೆಯನ್ನು ಎಳೆಯುವಾಗ ತಾಯಿಯ ಕೈಬೆರಳು ನಡುಗದೆ ಸಾಗುವುದನ್ನು ಕಂಡು, ಈ ಕೈಯನ್ನು ಇಷ್ಟುದಿನ ತಾನು ಸೌಟಿನೊಡನೆ ಮಾತ್ರ ನೋಡಿದೆನೆಂದು ಮಗಳಿಗೆ ನಾಚಿಕೆಯಾದರೆ, ಆ ನಾಚಿಕೆಯೂ ಒಂದು ವಿದ್ಯೆಯೇ. ಅನಂತರ ರಾತ್ರಿ ಕೆರೆಯ ಗಾಳಿಯಲ್ಲಿ ಕುಳಿತಾಗ ಮಗಳ ಬಾಯಿಂದ ‘ಎಲ್ಲವೂ ಚೆನ್ನಾಗಿದೆ’ ಎಂಬುದಕ್ಕಿಂತ ನಿಜವಾದ ಮಾತೊಂದು ಹೊರಡುವುದು ಅಸಂಭವವಲ್ಲ. ಕಾಸಿನ ಲೆಕ್ಕದಲ್ಲಿ ಇದು ಫಲವಲ್ಲದಿರಬಹುದು. ಆದರೆ ಇದಕ್ಕಿಂತ ದೊಡ್ಡ ಫಲವನ್ನು ಸಂಸಾರವು ಬೇರೆ ಎಲ್ಲಿಂದ ಪಡೆಯಬೇಕು?

ಇಷ್ಟಾದರೂ ವಿರಾಮಕ್ಕೆ ಮಿತಿಯಿರಬೇಡವೇ ಎಂಬ ಶಂಕೆಯು ಉಳಿಯುವುದು. ಇರಬೇಕು. ಅದರ ಪ್ರಮಾಣವನ್ನು ಶಿಂಷಾ ನದಿಯಿಂದ ಕಲಿಯಬಹುದು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿದ ಈ ಹೊಳೆಯು ತುಮಕೂರು ಸೀಮೆಯನ್ನು ದಾಟಿ, ಕಡಬದಲ್ಲಿ ಕೆರೆಯಾಗಿ ನಿಂತು, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಜಲಾಶಯವಾಗಿ ಮತ್ತೊಮ್ಮೆ ನಿಂತು, ಕೊನೆಗೆ ಕಾವೇರಿಯನ್ನು ಸೇರುವುದು. ನಿಂತಿತೆಂದು ಹೊಳೆಯನ್ನು ಸೋಮಾರಿಯೆಂದವರಿಲ್ಲ. ನಿಲ್ಲದೆ ಹರಿದುಹೋದ ನೀರಿನಿಂದ ಗದ್ದೆಗೆ ಪ್ರಯೋಜನವಿಲ್ಲವೆಂದು ನಮ್ಮ ಹಿರಿಯರು ಬಲ್ಲವರಾಗಿದ್ದರು. ಆದರೆ ಕೆರೆಗೆ ಮೂರು ಅಂಗಗಳು ಬೇಕು: ಏರಿ, ತೂಬು, ಕೋಡಿ. ಏರಿಯೆಂದರೆ ಹೊರಗಣ ಕರೆಗಳನ್ನು ತಡೆಯುವ ನಿಶ್ಚಯ. ಗುಡಿಸಲಿಗೂ ದೂರವಾಣಿಯ ಕರೆಯು ಗಳಿಗೆಗೊಮ್ಮೆ ಬಂದು ಉಪ್ಪಿನ ಭರಣಿ ಎಲ್ಲಿದೆಯೆಂದು ಕೇಳುತ್ತಿದ್ದರೆ ನೀರು ನಿಲ್ಲದು. ತೂಬೆಂದರೆ ಸಂಗ್ರಹವಾದುದನ್ನು ಮನೆಗೂ ನೆರೆಹೊರೆಗೂ ಹರಿಯಬಿಡುವ ಔದಾರ್ಯ; ಬರೆದುಕೊಂಡ ಹಾಡನ್ನು ಮೊಮ್ಮಕ್ಕಳಿಗೆ ಕಲಿಸದಿದ್ದರೆ ಅದು ಪಾಚಿಗಟ್ಟುವುದು. ಕೋಡಿಯೆಂದರೆ ಸಾಕೆಂಬ ಅರಿವು. ಮಾರ್ಕೋನಹಳ್ಳಿಯಲ್ಲಿ ನೀರು ಮಟ್ಟವನ್ನು ಮೀರಿದೊಡನೆ ತಾನಾಗಿಯೇ ಹೊರಹರಿಯುವ ಸೈಫನ್‌ಗಳನ್ನು ಅಳವಡಿಸಿರುವಂತೆ, ತೃಪ್ತವಾದ ಮನಸ್ಸು ತಾನಾಗಿಯೇ ಮನೆಯ ಕಡೆಗೆ ತಿರುಗುವುದು. ಬಲಾತ್ಕಾರದಿಂದ ಹಿಂದಿರುಗಿಸಬೇಕಾದ ಗೃಹಿಣಿಯು ಇನ್ನೂ ತುಂಬಿಲ್ಲವೆಂದೇ ತಿಳಿಯಬೇಕು.

ಕಡಬದ ಕೆರೆಯ ವಿಷಯವಾಗಿ ಸ್ಥಳೀಯರಲ್ಲಿ ಒಂದು ಐತಿಹ್ಯವುಂಟು. ಲಂಕೆಯಿಂದ ಹಿಂದಿರುಗುವಾಗ ಶ್ರೀರಾಮನು ಸೀತೆಯೊಡನೆ ಇಲ್ಲಿ ತಂಗಿದ್ದನೆಂದೂ, ಆಕೆಯ ಅಪೇಕ್ಷೆಯಂತೆ ಹೊಳೆಗೆ ಕಟ್ಟೆಯನ್ನು ಹಾಕಿಸಿದನೆಂದೂ ಹೇಳುವರು. ಕಲ್ಲನಕೇರಿಯ ಕೆರೆಯು ಹೆಣ್ಣಿನ ಪ್ರಾಣದಿಂದ ತುಂಬಿತು. ಕಡಬದ ಕೆರೆಯು ಹೆಣ್ಣಿನ ಇಚ್ಛೆಯಿಂದ ಆಯಿತು. ಎರಡೂ ನಮ್ಮ ನಾಡಿನ ನೆನಪುಗಳೇ. ಎರಡು ಕೆರೆಗಳಲ್ಲಿಯೂ ನೀರು ಒಂದೇ; ಅದರಿಂದ ಬೆಳೆಯುವ ಬತ್ತವೂ ಒಂದೇ. ಆದರೂ ಊಟಕ್ಕೆ ಕುಳಿತವನು ತನ್ನ ಎಲೆಯ ಮೇಲಣ ಅನ್ನವು ಯಾವ ಕೆರೆಯದೆಂದು ಒಮ್ಮೆ ಕೇಳಿಕೊಳ್ಳುವುದು ಧರ್ಮ. ಕೇಳಿಕೊಂಡವನು ತನ್ನ ಮನೆಯ ಗೃಹಿಣಿಯು ನಾಲ್ಕು ದಿನ ಹೋಗಿಬರುತ್ತೇನೆಂದಾಗ ಏಕೆಂದು ಕೇಳಲಾರನು. ಬುತ್ತಿಯನ್ನು ಕಟ್ಟಿಕೊಡಲು ಎದ್ದಾನು.