ಕೊಡುವವರಾರು, ಕಸಿಯುವವರಾರು?

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಹಿರಿಯರು 1990ರ ಅಕ್ಟೋಬರ್ ತಿಂಗಳನ್ನು ಮರೆತಿರಲಾರರು. ಹಿಂದಿನ ವರ್ಷವಷ್ಟೇ 224 ಸ್ಥಾನಗಳಲ್ಲಿ 178ನ್ನು ಗೆದ್ದ ಪಕ್ಷದ ಮುಖ್ಯಮಂತ್ರಿ, ಚಿಂಚೋಳಿಯ ವೀರೇಂದ್ರ ಪಾಟೀಲರು, ಪದವಿಯಿಂದ ಇಳಿಯುವರೆಂದು ಪಕ್ಷಾಧ್ಯಕ್ಷ ರಾಜೀವ್ ಗಾಂಧಿಯವರು ಬೆಂಗಳೂರಿನ ವಿಮಾನನಿಲ್ದಾಣದಲ್ಲಿ ನಿಂತೇ ಸಾರಿದರು. ಪಾಟೀಲರು ಅಸ್ವಸ್ಥರಾಗಿದ್ದುದು ನಿಜ. ನಾಡಿನಲ್ಲಿ ಗಲಭೆಗಳಾಗಿದ್ದುದೂ ನಿಜ. ಬದಲಾವಣೆ ಬೇಕಿತ್ತೇ ಎಂಬುದು ಬೇರೆ ಮಾತು. ಬದಲಿಸುವ ಅಧಿಕಾರ ಯಾರದು?

ಅಮೆರಿಕದಲ್ಲಿ ರಾಜ್ಯದ ಗವರ್ನರನನ್ನು ಜನರೇ ನೇರವಾಗಿ ಆರಿಸುತ್ತಾರೆ. ರಾಷ್ಟ್ರಾಧ್ಯಕ್ಷನು ಸ್ವಪಕ್ಷದ ಗವರ್ನರನನ್ನೂ ತೆಗೆಯಲಾರ. ದೋಷಾರೋಪಣೆಯಿಂದ ಶಾಸನಸಭೆ ತೆಗೆಯಬಹುದು. ಕೆಲವೆಡೆ, 2003ರಲ್ಲಿ ಕ್ಯಾಲಿಫೋರ್ನಿಯದಲ್ಲಾದಂತೆ, ಮತದಾರರೇ ತೆಗೆಯಬಹುದು. 1974ರಲ್ಲಿ ಧ್ವನಿಮುದ್ರಿಕೆಗಳನ್ನು ಒಪ್ಪಿಸೆಂದು ಅಧ್ಯಕ್ಷ ನಿಕ್ಸನ್‌ಗೆ ಒಮ್ಮತದಿಂದ ಆಜ್ಞಾಪಿಸಿದ ಎಂಟು ನ್ಯಾಯಾಧೀಶರಲ್ಲಿ ಮೂವರು ಆತನೇ ನೇಮಿಸಿದವರು! ನೇಮಿಸಿದವನಿಗೆ ಋಣಿಯಾಗದೆ ಪೀಠಕ್ಕೆ ಋಣಿಯಾಗುವುದು ಸುಲಭದ ಶೀಲವಲ್ಲ.

ನಮ್ಮ ಸಂವಿಧಾನದಲ್ಲಿಯೂ ಮಂತ್ರಿಮಂಡಲ ಹೊಣೆಯಾಗಿರುವುದು ವಿಧಾನಸಭೆಗೆ, ಪಕ್ಷಾಧ್ಯಕ್ಷರಿಗಲ್ಲ. ಆದರೂ ಆ ದಿನ ಸಭೆಯ ಮತವನ್ನು ಯಾರೂ ಕೇಳಲಿಲ್ಲ. ನಾವು ನೊಂದೆವು. ನ್ಯಾಯ ಮುರಿಯಿತೆಂದು ನೊಂದೆವೋ, ನಮ್ಮವರೆಂದು ನೊಂದೆವೋ? ಅವರ ಬಳಿಕ ಬಂದ ಬಂಗಾರಪ್ಪನವರೂ 1992ರಲ್ಲಿ ವರಿಷ್ಠರ ಇಚ್ಛೆಯಂತೆಯೇ ಇಳಿಯಬೇಕಾಯಿತು. ಆಗ ನಮಗೆ ಅಷ್ಟೇ ನೋವಾಯಿತೇ?